ಬ್ಲಾಕ್ ಇಲ್ಲ, ಹರಿವು ನಿಧಾನ: ಜೊತೆಗಿರುವ ಸಿಬಿಸಿ ಕಾಗದವನ್ನು ಓದುವುದು ಹೇಗೆ?

ಕಳೆದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಅಣ್ಣ ಅಫಜಲಪುರದಿಂದ ಬಸ್ಸಿನಲ್ಲಿ ಬಂದು, ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತ. ಕೈಯಲ್ಲಿ ಎರಡು ಕಾಗದ. ಒಂದು, ಹದಿನೈದು ದಿನ ಹಿಂದೆ ಮಾಡಿಸಿದ ಆಂಜಿಯೋಗ್ರಾಂ ವರದಿ: ಹೃದಯದ ರಕ್ತನಾಳಗಳಲ್ಲಿ ಹೇಳಿಕೊಳ್ಳುವಂಥ ಅಡಚಣೆ ಇಲ್ಲ, ಹರಿವು ಮಾತ್ರ ನಿಧಾನ. ಇನ್ನೊಂದು ಹಿಂದಿನ ದಿನದ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯ ವರದಿ. ಅದರ ಅಂಚಿನಲ್ಲಿ ಪೆನ್ನಿನಿಂದ 79 ÷ 13 = 6.1 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಎರಡು ಬಗೆಯ ಬಿಳಿ ರಕ್ತಕಣಗಳ ಈ ಭಾಗಾಕಾರದ ಲೆಕ್ಕ ಮೂರು ದಾಟಿದರೆ ಹೃದಯಕ್ಕೆ ಕೇಡು ಎಂದು ಮೊಬೈಲಿನ ವಿಡಿಯೊದಲ್ಲಿ ಯಾರೋ ಹೇಳಿದ್ದರಂತೆ.

"ತಂಗೀ, ನನ್ನದು ಆರು ದಾಟಿದೆ. ಮುಂದಿನ ತೊಗರಿ ರಾಶಿಯವರೆಗಾದರೂ ಇರುತ್ತೇನೋ ಇಲ್ಲವೋ ನೋಡಿ ಹೇಳು" ಎಂದ. ನಗುತ್ತಲೇ ಹೇಳಿದ, ಆದರೆ ಕಾಗದ ಹಿಡಿದ ಕೈ ನಡುಗುತ್ತಿತ್ತು.

ನಾನು ವೈದ್ಯೆಯಲ್ಲ. ಇಪ್ಪತ್ತಮೂರು ವರ್ಷಗಳಿಂದ ರಕ್ತದ ನಳಿಕೆಗಳ ನಡುವೆ ಬದುಕುತ್ತಿರುವ ಲ್ಯಾಬ್ ತಂತ್ರಜ್ಞೆ. ಮಾತ್ರೆ ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಕಾಗದದ ಮೇಲಿನ ಸಂಖ್ಯೆಗಳು ಎಲ್ಲಿ ಹುಟ್ಟುತ್ತವೆ, ಯಾವಾಗ ಮೋಸ ಮಾಡುತ್ತವೆ ಎಂಬುದನ್ನು ದಿನವೂ ನೋಡುತ್ತೇನೆ. ಅಣ್ಣನಿಗೆ ಅಂದು ಹೇಳಿದ್ದನ್ನು, ಆಮೇಲೆ ನಿಧಾನವಾಗಿ ತಿಳಿಸಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಎರಡು ಕಾಗದ ಹಿಡಿದು ಬರುವವರು ಅವನೊಬ್ಬನೇ ಅಲ್ಲ.

ಮೊದಲು ಆಂಜಿಯೋಗ್ರಾಂ ಕಾಗದ

ಸಿಬಿಸಿಯನ್ನು ಪಕ್ಕಕ್ಕಿಡಿ. ಹರಿವು ನಿಧಾನ ಎಂಬುದನ್ನು ಕಂಡುಹಿಡಿದದ್ದು ರಕ್ತ ಪರೀಕ್ಷೆಯಲ್ಲ, ಬಣ್ಣದ ದ್ರವ ಬಿಟ್ಟು ತೆಗೆದ ಆ ಚಲಿಸುವ ಚಿತ್ರ. ದೊಡ್ಡ ನಾಳ ತೆರೆದೇ ಇದ್ದರೂ ದ್ರವ ತುದಿ ಮುಟ್ಟಲು ತಡಮಾಡುವ ಈ ಸ್ಥಿತಿಯನ್ನು ವೈದ್ಯರು 1972ರಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ಇದು ನಿಮಗೊಬ್ಬರಿಗೇ ಬಂದ ಹೊಸ ರೋಗವೂ ಅಲ್ಲ, "ಏನೂ ಇಲ್ಲ, ಗ್ಯಾಸ್" ಎಂದು ತಳ್ಳಿಹಾಕುವಂಥದ್ದೂ ಅಲ್ಲ.

ನಿಧಾನ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳುವುದುಂಟು, ಎಣಿಸಿಯೂ ಹೇಳುವುದುಂಟು. ಎಣಿಸುವ ಬಗೆಯನ್ನು ನಮ್ಮ ಪರಿಚಯದ ಹೃದ್ರೋಗ ವೈದ್ಯರೊಬ್ಬರು ಅಣ್ಣನ ಸಿಡಿ ಹಾಕಿ ತೋರಿಸಿದರು. ನಾಳದ ಬಾಯಿಯಲ್ಲಿ ದ್ರವ ಪೂರ್ತಿ ತುಂಬಿದ ಚೌಕಟ್ಟು ಒಂದನೆಯದು. ಅಲ್ಲಿಂದ ಒಂದೊಂದೇ ಚೌಕಟ್ಟು ಮುಂದಕ್ಕೆ ಸರಿಸುತ್ತ, ದ್ರವ ತುದಿಯ ಗುರುತು ಮುಟ್ಟುವವರೆಗೆ ಎಣಿಸಬೇಕು. ಹೃದಯದ ಮುಂಭಾಗದಲ್ಲಿ ಇಳಿಯುವ ಉದ್ದನೆಯ ನಾಳದ ತುದಿ ಮೀಸೆಯ ಹಾಗೆ ಎರಡಾಗಿ ಕವಲೊಡೆಯುತ್ತದೆ. ಎಣಿಕೆ ಅಲ್ಲಿಗೆ ಮುಗಿಯುತ್ತದೆ. ಈ ನಾಳ ಉಳಿದವುಗಳಿಗಿಂತ ಉದ್ದವಾದ್ದರಿಂದ ಬಂದದ್ದನ್ನು 1.7ರಿಂದ ಭಾಗಿಸುತ್ತಾರೆ. ಸೆಕೆಂಡಿಗೆ 30 ಚೌಕಟ್ಟಿನ ಚಿತ್ರದಲ್ಲಿ ಸಾಮಾನ್ಯವಾಗಿ 21ರ ಆಸುಪಾಸು ಬರುತ್ತದೆ, 27 ದಾಟಿದರೆ ನಿಧಾನ. ಅಣ್ಣನದು 62 ಬಂತು, ಭಾಗಿಸಿದರೆ 36ಕ್ಕೂ ಹೆಚ್ಚು. ಯಂತ್ರ ಸೆಕೆಂಡಿಗೆ 15 ಚೌಕಟ್ಟು ಮಾತ್ರ ತೆಗೆದಿದ್ದರೆ ಎಣಿಕೆಯನ್ನು ಎರಡರಿಂದ ಗುಣಿಸಬೇಕು.

ಆದ್ದರಿಂದ ನಿಮ್ಮ ವರದಿಯಲ್ಲಿ ಎರಡು ವಿಷಯ ಹುಡುಕಿ. ಯಾವ ನಾಳದಲ್ಲಿ ನಿಧಾನ, ಒಂದರಲ್ಲೋ ಮೂರರಲ್ಲೋ? ಚೌಕಟ್ಟಿನ ಎಣಿಕೆ ಬರೆದಿದ್ದಾರೋ, ಬರಿಯ ಮಾತೋ? ಬರೆದಿಲ್ಲವಾದರೆ ಮುಂದಿನ ಸಲ ಹೋದಾಗ ಕೇಳಿ. ಸಿಡಿಯನ್ನಂತೂ ಬೀರುವಿನಲ್ಲಿ ಜೋಪಾನವಾಗಿಡಿ. ಅಣ್ಣ ತನ್ನದನ್ನು ಬೀಜದ ಚೀಲದ ರಸೀದಿಗಳ ಜೊತೆ ಇಟ್ಟಿದ್ದ. ಗೀರು ಬೀಳದೆ ಉಳಿದದ್ದೇ ಪುಣ್ಯ.

ರಕ್ತಕಣಕ್ಕೂ ಇದಕ್ಕೂ ಏನು ನಂಟು?

ದೊಡ್ಡ ನಾಳ ತೆರೆದಿದ್ದೂ ಹರಿವು ನಿಧಾನವಾದರೆ, ತಡೆ ಅದರ ಮುಂದಿನ ಸಣ್ಣ ನಾಳಗಳಲ್ಲಿರಬೇಕು. ಹೊಲದ ದೊಡ್ಡ ಕಾಲುವೆಯಲ್ಲಿ ಹೂಳಿಲ್ಲ, ಆದರೆ ಸಾಲುಗಳಿಗೆ ಬಿಡುವ ಬಾಯಿಗಳು ಬಿಗಿದಿವೆ ಎಂದು ಅಣ್ಣನಿಗೆ ಹೇಳಿದೆ, ತಕ್ಷಣ ಅರ್ಥವಾಯಿತು. ಕಣ್ಣಿಗೆ ಕಾಣದ ಆ ಸಣ್ಣ ನಾಳಗಳ ಗೋಡೆ ದಪ್ಪವಾಗಿರಬಹುದು, ಒಳಪದರ ಕೆರಳಿರಬಹುದು, ಬೇಕಾದಾಗ ಹಿಗ್ಗುವ ಗುಣ ಕಳೆದುಕೊಂಡಿರಬಹುದು. ಧೂಮಪಾನಿಗಳಲ್ಲಿ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಕಡೆಗೆ ವಾಲಿದವರಲ್ಲಿ, ಅದರಲ್ಲೂ ಗಂಡಸರಲ್ಲಿ ಇದು ಹೆಚ್ಚು.

ಒಳಪದರ ಕೆರಳಿದರೆ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಪಾಲು ಏರಬಹುದು. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಚುರುಕಾದರೆ ಅವುಗಳ ಗಾತ್ರ ಹಿಗ್ಗಬಹುದು. ಕೆಂಪು ಕಣ ಹೆಚ್ಚಿದರೆ ರಕ್ತವೇ ಗಟ್ಟಿಯಾಗುತ್ತದೆ. ನೀರು ಸುರಿದಂತೆ ಕಾಕಂಬಿ ಸುರಿಯುವುದಿಲ್ಲವಲ್ಲ. ಇದೇ ಎಳೆ ಹಿಡಿದು ಟರ್ಕಿ, ಚೀನಾ ಮೊದಲಾದ ದೇಶಗಳ ವೈದ್ಯರು ನಿಧಾನ ಹರಿವಿನವರ ಸಿಬಿಸಿಯನ್ನು ಉಳಿದವರದರ ಜೊತೆ ಹೋಲಿಸಿದ್ದಾರೆ. ಹಲವು ಅಧ್ಯಯನಗಳಲ್ಲಿ ಈ ಗುಂಪಿನ ಸರಾಸರಿ ಸ್ವಲ್ಪ ಮೇಲಿದೆ. ಗುಂಪಿನ ಸರಾಸರಿ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಧಾನ ಹರಿವಿದ್ದೂ ಸಿಬಿಸಿ ಚೊಕ್ಕಟವಾಗಿರುವವರು ಇದ್ದಾರೆ. ಸಂಖ್ಯೆ ಏರಿದ್ದೂ ಹೃದಯ ಗಟ್ಟಿಮುಟ್ಟಾಗಿರುವವರು ನಮ್ಮ ಕಿಟಕಿಯ ಮುಂದೆ ಪ್ರತಿದಿನ ನಿಂತಿರುತ್ತಾರೆ. ಈ ಕಾಗದ ನೋಡಿ ಹರಿವು ಸುಧಾರಿಸಿತೋ ಕೆಟ್ಟಿತೋ ಎಂದು ಹೇಳಲು ಬರುವುದಿಲ್ಲ. ಹೇಳುತ್ತೇವೆ ಎನ್ನುವವರ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ.

ಕೈ ಚಾಚುವ ಮೊದಲು

ಸಂಖ್ಯೆ ಕೆಡುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಅದಕ್ಕೂ ಮೊದಲು. ಅಣ್ಣನ ಮೊದಲ ಕಾಗದದಲ್ಲಿ ಹಿಮೋಗ್ಲೋಬಿನ್ 17.4, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡ ಪಾಲು) 52 ಇತ್ತು. ಅಂದು ಬಿಸಿಲು 42 ಡಿಗ್ರಿ. ಬಸ್ಸಿನಲ್ಲಿ ಮೂತ್ರಕ್ಕೆ ಇಳಿಯಬೇಕಾದೀತೆಂದು ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಮೈಯ ನೀರು ಇಂಗಿದರೆ ಕಣಗಳು ಅಷ್ಟೇ ಇದ್ದರೂ ರಕ್ತ ಮಂದವಾಗಿ ಕಾಣುತ್ತದೆ. ಮೂರು ವಾರದ ನಂತರ ಸರಿಯಾಗಿ ನೀರು ಕುಡಿಸಿ, ಕಾಲು ಗಂಟೆ ಕೂರಿಸಿ ತೆಗೆದಾಗ 16.1, ಪಿಸಿವಿ 48.

ಹಾಗಾಗಿ ಪ್ರತಿ ಸಲವೂ ಬೆಳಗ್ಗೆ ಒಂದೇ ಹೊತ್ತಿಗೆ ಬನ್ನಿ. ಬಿಳಿ ಕಣಗಳ ಎಣಿಕೆ ಬೆಳಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ಸಿಬಿಸಿ ಒಂದಕ್ಕೇ ಆದರೆ ಉಪವಾಸ ಬೇಕಿಲ್ಲ. ಜೊತೆಗೆ ಕೊಬ್ಬು, ಸಕ್ಕರೆ ಪರೀಕ್ಷೆ ಇದ್ದರೆ ಮಾತ್ರ ಬರಿ ಹೊಟ್ಟೆ, ಆಗಲೂ ನೀರಿಗೆ ಅಡ್ಡಿಯಿಲ್ಲ. ನಮ್ಮ ಕಡೆ ಉಪವಾಸ ಎಂದರೆ ನೀರೂ ಮುಟ್ಟದೆ ಬರುವವರಿದ್ದಾರೆ, ಪರೀಕ್ಷೆಯೇನು ಏಕಾದಶಿಯಲ್ಲ. ಮಾಳಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿರುವಾಗಲೇ ತೋಳು ಚಾಚಬೇಡಿ. ಕೂತು, ಉಸಿರು ಇಳಿದ ಮೇಲೆ ಕೊಡಿ.

ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ರಕ್ತ ನೇರಳೆ ಮುಚ್ಚಳದ ನಳಿಕೆಗೆ ಹೋಗಬೇಕು, ಅದನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಜೋರಾಗಿ ಕುಲುಕಿದರೆ ಕಣ ಒಡೆಯುತ್ತವೆ, ಸುಮ್ಮನೆ ಬಿಟ್ಟರೆ ಹೆಪ್ಪುಗಟ್ಟುತ್ತದೆ. ನೀವೇ ಕಣ್ಣಿಟ್ಟು ನೋಡಬಹುದು, ನಮಗೆ ಬೇಸರವಿಲ್ಲ. ಬೇಸರ ಮಾಡಿಕೊಳ್ಳುವವರಿದ್ದರೆ ಇನ್ನಷ್ಟು ಗಮನವಿಟ್ಟು ನೋಡಿ.

ಜ್ವರ, ನೆಗಡಿ, ಹಲ್ಲಿನ ಕೀವು, ಕಾಲಿನ ಗಾಯ ಇದ್ದರೆ ಮುಂಚೆಯೇ ಹೇಳಿ. ತುರ್ತಿಲ್ಲದಿದ್ದರೆ ಪರೀಕ್ಷೆಯನ್ನು ಎರಡು ಮೂರು ವಾರ ಮುಂದೂಡುವುದು ಒಳ್ಳೆಯದು.

ಸಾಲು ಸಾಲಾಗಿ

ಕೆಂಪು ಕಣಗಳಿಂದ ಶುರುಮಾಡಿ. ಹಿಮೋಗ್ಲೋಬಿನ್ ಗಂಡಸರಿಗೆ ಸುಮಾರು 13ರಿಂದ 17, ಹೆಂಗಸರಿಗೆ 12ರಿಂದ 15. ಪಿಸಿವಿ ಇದರ ಹೆಚ್ಚುಕಡಿಮೆ ಮೂರು ಪಟ್ಟು ಇರಬೇಕು; ತಾಳೆಯಾಗದಿದ್ದರೆ ಮಾದರಿಯಲ್ಲೇ ದೋಷವಿರಬಹುದು. ನೀರು ಕುಡಿದು ಬಂದಾಗಲೂ ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿ ಎರಡು ಸಲ ಬಂದರೆ ವೈದ್ಯರಿಗೆ ಒತ್ತಿ ಹೇಳಿ. ಬೀಡಿ ಸಿಗರೇಟು, ಶ್ವಾಸಕೋಶದ ತೊಂದರೆ, ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುವುದು ಇದಕ್ಕೆ ಕಾರಣವಾಗಬಹುದು. ಅಪರೂಪಕ್ಕೆ ಮಜ್ಜೆಯೇ ಅತಿಯಾಗಿ ಕಣ ತಯಾರಿಸುವ ಕಾಯಿಲೆ ಇರುತ್ತದೆ; ಅದಕ್ಕೆ ಬೇರೆ ಪರೀಕ್ಷೆಗಳಿವೆ.

ನಮ್ಮ ಭಾಗದ ಹೆಂಗಸರ ವಿಷಯ ಇದಕ್ಕೆ ತಿರುವುಮುರುವು. ಚಿಂಚೋಳಿ ಕಡೆಯ ಒಬ್ಬ ಕಾಕು ಆರ್‌ಡಿಡಬ್ಲ್ಯೂ 18 ಇದೆ ಎಂದು ಅಳುತ್ತ ಬಂದಿದ್ದರು. ಕೆಂಪು ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂಬುದರ ಅಳತೆ ಅದು. ಸುಮಾರು 14ರವರೆಗೆ ಸಾಮಾನ್ಯ. ಅವರಿಗೂ ಆಂಜಿಯೋಗ್ರಾಂನಲ್ಲಿ ನಿಧಾನ ಹರಿವು, ಆದ್ದರಿಂದ ಹೃದಯವೇ ಕೆಟ್ಟಿದೆ ಎಂದು ಮಗ ಹೆದರಿಸಿದ್ದ. ನಾನು ಅದರ ಮೇಲಿನ ಎರಡು ಸಾಲು ತೋರಿಸಿದೆ: ಹಿಮೋಗ್ಲೋಬಿನ್ 9.2, ಕೆಂಪು ಕಣಗಳ ಸರಾಸರಿ ಗಾತ್ರ ಹೇಳುವ ಎಂಸಿವಿ 70, ಅಂದರೆ ಕಣಗಳು ಸಣ್ಣವು. ಇದು ಕಬ್ಬಿಣದ ಕೊರತೆಯ ಮುಖಚಹರೆ. ಎಂಸಿವಿ 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕಡೆಗೆ ನೋಡಬೇಕಿತ್ತು. ರಕ್ತಹೀನತೆ ತಾನೇ ಎದೆನೋವನ್ನು ಹೆಚ್ಚಿಸುತ್ತದೆ, ಅದನ್ನು ಸರಿಪಡಿಸುವ ದಾರಿಯೂ ಇದೆ. ಆರ್‌ಡಿಡಬ್ಲ್ಯೂವನ್ನು ಎಂದೂ ಒಂಟಿಯಾಗಿ ಓದಬೇಡಿ.

ಎಂಪಿವಿ ಎಂಬ ಸಾಲು ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ. ಇದರ ಮೇಲೆ ನನಗೆ ಹಳೆಯ ಮುನಿಸಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರೆಂಟು ಹೋಯಿತೆಂದು ನಳಿಕೆಗಳ ತಟ್ಟೆಯನ್ನು ಕಿಟಕಿಯ ಬಳಿ ಇಟ್ಟು ಊಟಕ್ಕೆ ಹೋಗಿದ್ದೆ. ಮೂರು ಗಂಟೆಯ ನಂತರ ಓಡಿಸಿದರೆ ಹನ್ನೊಂದು ಜನರ ಎಂಪಿವಿ ಒಟ್ಟಿಗೇ ಮೇಲೆ! ನೇರಳೆ ಮುಚ್ಚಳದ ಒಳಗಿರುವ ಇಡಿಟಿಎ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ ನಿಜ, ಆದರೆ ಅದರಲ್ಲಿ ಕೂತಷ್ಟೂ ಪ್ಲೇಟ್‌ಲೆಟ್‌ಗಳು ನೆನೆಸಿದ ಕಡಲೆಯಂತೆ ಉಬ್ಬುತ್ತವೆ. ತಾಲ್ಲೂಕಿನಲ್ಲಿ ರಕ್ತ ತೆಗೆದು ಬಸ್ಸಿನಲ್ಲಿ ಕಲಬುರಗಿಗೆ ಕಳಿಸಿದ ಮಾದರಿಯ ಎಂಪಿವಿಯನ್ನು ನಾನಂತೂ ನಂಬುವುದಿಲ್ಲ. ಒಂದೊಂದು ಯಂತ್ರಕ್ಕೆ ಒಂದೊಂದು ಅಳತೆ ಬೇರೆ. ಒಂದೇ ಪ್ರಯೋಗಾಲಯದಲ್ಲಿ, ತೆಗೆದ ಒಂದೆರಡು ಗಂಟೆಯೊಳಗೆ ಓಡಿಸಿದ್ದಾದರೆ ಮಾತ್ರ ಹಿಂದಿನದರ ಜೊತೆ ಹೋಲಿಸಿ.

ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷದಿಂದ ನಾಲ್ಕು, ನಾಲ್ಕೂವರೆ ಲಕ್ಷ. ಇಲ್ಲಿ ಒಂದು ಅನಾಹುತ ಹೇಳಲೇಬೇಕು. ಬೇರೆಡೆ ಪರೀಕ್ಷೆ ಮಾಡಿಸಿದ ಒಬ್ಬರಿಗೆ 48,000 ಎಂದು ಬಂದಿತ್ತು. ಹೆದರಿ, ವೈದ್ಯರನ್ನೂ ಕೇಳದೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಆಸ್ಪಿರಿನ್ ಬಿಟ್ಟು ನಾಲ್ಕು ದಿನವಾಗಿತ್ತು. ನಾನು ಗಾಜಿನ ಮೇಲೆ ಒಂದು ಹನಿ ಎಳೆದು, ಲೀಶ್ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟೆ. ನಡುವೆ ಎಲ್ಲ ಬರಿದು. ಲೇಪದ ತುದಿಗೆ ಸರಿಸಿದರೆ ಅಲ್ಲಿ ಕೂತಿದ್ದವು: ಗಸಗಸೆ ಅಂಟಿಕೊಂಡ ಹಾಗೆ ನೇರಳೆ ಬಣ್ಣದ ಗುಂಪುಗಳು, ಒಂದೊಂದರಲ್ಲಿ ಇಪ್ಪತ್ತು ಮೂವತ್ತು. ಕೆಲವರ ರಕ್ತದಲ್ಲಿ ಇಡಿಟಿಎ ತಾಕಿದರೆ ಪ್ಲೇಟ್‌ಲೆಟ್‌ಗಳು ಹೀಗೆ ಮುದ್ದೆಕಟ್ಟುತ್ತವೆ. ಯಂತ್ರಕ್ಕೆ ಅವು ಪ್ಲೇಟ್‌ಲೆಟ್ ಎಂದು ಕಾಣುವುದೇ ಇಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆಯಲ್ಲಿ ಮತ್ತೆ ತೆಗೆದು ನೋಡಿದಾಗ 1.92 ಲಕ್ಷ. ಅದರಲ್ಲಿರುವ ದ್ರವಕ್ಕೆ ಸರಿದೂಗಿಸಲು 1.1ರಿಂದ ಗುಣಿಸಿದರೆ 2.11 ಲಕ್ಷ. ಮೈಮೇಲೆ ಕಲೆ, ವಸಡಿನ ರಕ್ತ ಯಾವುದೂ ಇಲ್ಲದೆ ಪ್ಲೇಟ್‌ಲೆಟ್ ಏಕಾಏಕಿ ಕುಸಿದಿದ್ದರೆ "ಗಾಜಿನ ಮೇಲೆ ನೋಡಿದ್ದೀರಾ?" ಎಂದು ಕೇಳಿ. ನಿಜವಾಗಿಯೂ ಕುಸಿದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ. ಎರಡರಲ್ಲಿ ಯಾವುದಾದರೂ, ಮಾತ್ರೆ ನಿಲ್ಲಿಸುವ ತೀರ್ಮಾನ ನಿಮ್ಮದಲ್ಲ.

ಅಣ್ಣನ 6.1

ಬಿಳಿ ಕಣಗಳ ಒಟ್ಟು ಎಣಿಕೆ 4,000ದಿಂದ 11,000. ಅದರ ಕೆಳಗೆ ಶೇಕಡಾವಾರು ಹಂಚಿಕೆ ಇರುತ್ತದೆ. ನ್ಯೂಟ್ರೋಫಿಲ್ ಶೇಕಡವನ್ನು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣದ ಶೇಕಡದಿಂದ ಭಾಗಿಸಿದರೆ ಅಣ್ಣ ಬರೆದ ಲೆಕ್ಕ ಸಿಗುತ್ತದೆ. ಆರೋಗ್ಯವಂತರಲ್ಲಿ ಹೆಚ್ಚಾಗಿ ಒಂದರಿಂದ ಮೂರರ ನಡುವೆ ಇರುತ್ತದೆ. ಇನ್ನೊಂದು ಲೆಕ್ಕವೂ ಇದೆ: ಪ್ಲೇಟ್‌ಲೆಟ್ ಎಣಿಕೆಯನ್ನು ಲಿಂಫೋಸೈಟ್‌ಗಳ ನಿಜ ಎಣಿಕೆಯಿಂದ ಭಾಗಿಸುವುದು. ಅವನ ಮೊದಲ ಕಾಗದದಲ್ಲಿ ಬಿಳಿ ಕಣ 11,800, ಅದರಲ್ಲಿ ಲಿಂಫೋಸೈಟ್ 13 ಶೇಕಡ, ಅಂದರೆ 1,534. ಪ್ಲೇಟ್‌ಲೆಟ್ 2,61,000. ಭಾಗಿಸಿದರೆ 170.

"ಈಚೆಗೆ ಏನಾದರೂ ಮಾತ್ರೆ ತಿಂದೆಯಾ?" ಎಂದೆ. ಇಲ್ಲ ಎಂದ. ಹೃದಯದ ಮಾತ್ರೆ ಬಿಟ್ಟು ಎಂದೆ. ಆಗ ಅಂಗಿಯ ಜೇಬಿನಿಂದ ಮಡಚಿದ ಒಂದು ಪಟ್ಟಿ ತೆಗೆದ. ದಮ್ಮು ಬಂತೆಂದು ಊರಲ್ಲಿ ಐದು ದಿನಕ್ಕೆ ಕೊಟ್ಟ ಪ್ರೆಡ್ನಿಸೋಲೋನ್. ಅದು ಸ್ಟೀರಾಯ್ಡ್. ನಾಳದ ಗೋಡೆಗೆ ಆನಿಕೊಂಡು ಸುಮ್ಮನಿದ್ದ ನ್ಯೂಟ್ರೋಫಿಲ್‌ಗಳನ್ನು ಅದು ಹರಿವಿಗೆ ಇಳಿಸುತ್ತದೆ, ಲಿಂಫೋಸೈಟ್‌ಗಳನ್ನು ಹಿಂದಕ್ಕೆ ಸರಿಸುತ್ತದೆ. ಭಾಗಾಕಾರದ ಮೇಲಿನದು ಏರಿ ಕೆಳಗಿನದು ಇಳಿದ ಮೇಲೆ ಉತ್ತರ ಆರಾಗದೆ ಇನ್ನೇನಾಗುತ್ತದೆ? ಸೋಂಕು, ಈಚಿನ ಶಸ್ತ್ರಚಿಕಿತ್ಸೆ, ಮೈಮುರಿಯುವ ದುಡಿಮೆ, ವಿಪರೀತ ಆತಂಕ ಕೂಡ ಇದನ್ನೇ ಮಾಡುತ್ತವೆ. ಧೂಮಪಾನ ಒಟ್ಟು ಬಿಳಿ ಕಣಗಳನ್ನೇ ಮೇಲಿಟ್ಟಿರುತ್ತದೆ.

ಮಾತ್ರೆ ಮುಗಿದು ಮೂರು ವಾರದ ನಂತರ ಬಿಳಿ ಕಣ 8,200, ನ್ಯೂಟ್ರೋಫಿಲ್ 61, ಲಿಂಫೋಸೈಟ್ 30. ಲೆಕ್ಕ ಎರಡಕ್ಕೆ ಇಳಿದಿತ್ತು. ಪ್ಲೇಟ್‌ಲೆಟ್ 2,46,000 ಇದ್ದು, ಎರಡನೆಯ ಲೆಕ್ಕ 100. ಈ ಮೂರು ವಾರದಲ್ಲಿ ಅವನ ರಕ್ತನಾಳಗಳ ಹರಿವು ಬದಲಾಗಿತ್ತೆಂದು ಯಾರೂ ಹೇಳಲಾರರು. ಎದೆಯ ಹಿಡಿತ ಆಗಲೂ ವಾರಕ್ಕೊಮ್ಮೆ ಬರುತ್ತಿತ್ತು. ಬದಲಾದದ್ದು ಕಾಗದ.

ಆದರೆ ಯಾವ ಸೋಂಕೂ ಸ್ಟೀರಾಯ್ಡೂ ಇಲ್ಲದೆ, ಒಂದೇ ರೀತಿ ತೆಗೆದ ಮೂರು ಮಾದರಿಗಳಲ್ಲಿ ಲೆಕ್ಕ ಮೇಲೆಯೇ ಕೂತಿದ್ದರೆ ಅದನ್ನು ವೈದ್ಯರ ಮುಂದಿಡಿ. ಮೈಯಲ್ಲಿ ಎಲ್ಲೋ ಉರಿಯೂತ ಹೊಗೆಯಾಡುತ್ತಿದೆಯೇ, ವಸಡು ಕೊಳೆತಿದೆಯೇ, ಸಕ್ಕರೆ ಹತೋಟಿ ತಪ್ಪಿದೆಯೇ ಎಂದು ಅವರು ಹುಡುಕಲು ಅದೊಂದು ಸುಳಿವು.

ಈ ಕಾಗದದ ನಿಜವಾದ ಉಪಯೋಗ

ವಿಡಿಯೊಗಳಲ್ಲಿ ಯಾರೂ ಹೇಳದ ಸಾಲು ಇದು. ನಿಧಾನ ಹರಿವಿನವರಲ್ಲಿ ಬಹಳ ಮಂದಿ ಆಸ್ಪಿರಿನ್ ನುಂಗುತ್ತಿರುತ್ತಾರೆ, ಕೆಲವರು ಅದರ ಜೊತೆ ಅದೇ ಕೆಲಸದ ಕ್ಲೊಪಿಡೊಗ್ರೆಲ್ ಕೂಡ. ಅವರು ಸಿಬಿಸಿಯಲ್ಲಿ ಮೊದಲು ನೋಡಬೇಕಾದದ್ದು ಯಾವ ಭಾಗಾಕಾರವನ್ನೂ ಅಲ್ಲ, ಹಿಮೋಗ್ಲೋಬಿನ್ ಹಿಂದಿನದಕ್ಕಿಂತ ಇಳಿದಿದೆಯೇ ಎಂಬುದನ್ನು. ಆರು ತಿಂಗಳ ಹಿಂದೆ 14 ಇದ್ದದ್ದು ಈಗ 11 ಆಗಿದ್ದರೆ, ಹೊಟ್ಟೆಯೊಳಗೆ ಎಲ್ಲೋ ಸದ್ದಿಲ್ಲದೆ ರಕ್ತ ಸೋರುತ್ತಿರಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟುತ್ತಿದೆಯೇ ಗಮನಿಸಿ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಕಪ್ಪಾಗುತ್ತದೆ, ಅದನ್ನೂ ವೈದ್ಯರಿಗೆ ಹೇಳಿ. ಮೊಣಕಾಲು ನೋವಿಗೆಂದು ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆಗಳು ಆಸ್ಪಿರಿನ್ ಜೊತೆ ಸೇರಿ ಹೊಟ್ಟೆಯ ಒಳಪದರವನ್ನು ಹಾಳುಮಾಡುತ್ತವೆ. ಹೊಲದ ಕೆಲಸದವರಲ್ಲಿ ಇದನ್ನು ನಾನು ಕಂಡಷ್ಟು ಬೇರಾರಲ್ಲೂ ಕಂಡಿಲ್ಲ.

ಎದೆ ಹಿಡಿದಾಗ ಸಿಬಿಸಿ ಮಾಡಿಸಲು ಬರಬೇಡಿ. ಎದೆ ಬಿಗಿದು ಬೆವರು ಕಿತ್ತರೆ, ನೋವು ತೋಳಿಗೋ ದವಡೆಗೋ ಏರಿದರೆ, ವಿಶ್ರಾಂತಿಯಲ್ಲೂ ಬಿಡದಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತ ಪರೀಕ್ಷೆ ಕೇಳಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇದೆ. "ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ ಎಂದಿದ್ದಾರೆ, ಸುಮ್ಮನಿರಿ" ಎನ್ನುವ ಸಂಬಂಧಿಕರ ಮಾತು ಕೇಳಿ ಮನೆಯಲ್ಲಿ ಕೂರಬೇಡಿ. ನಿಧಾನ ಹರಿವಿನವರಿಗೆ ನೋವು ಕೂತಲ್ಲೇ ಬರುವುದುಂಟು, ಹೃದಯಾಘಾತವಾಗುವುದೂ ಉಂಟು.

ಉಳಿದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅಣ್ಣನಿಗೆ ನಾನೇ ಕೊಂಡುಕೊಟ್ಟೆ. ಪುಟಕ್ಕೊಂದು ಪರೀಕ್ಷೆ: ದಿನಾಂಕ, ಹೊತ್ತು, ಯಾವ ಪ್ರಯೋಗಾಲಯ, ಅಂದು ನೀರು ಎಷ್ಟು, ಜ್ವರ ಇತ್ತೇ, ಯಾವ ಯಾವ ಮಾತ್ರೆ, ವಾರದಲ್ಲಿ ಎದೆ ಎಷ್ಟು ಸಲ ಹಿಡಿಯಿತು, ಏನು ಮಾಡುವಾಗ. ಅದರ ಕೆಳಗೆ ಹಿಮೋಗ್ಲೋಬಿನ್, ಎಂಸಿವಿ, ಬಿಳಿ ಕಣ, ನ್ಯೂಟ್ರೋಫಿಲ್, ಲಿಂಫೋಸೈಟ್, ಪ್ಲೇಟ್‌ಲೆಟ್. ಭಾಗಿಸುವ ಚಪಲವಿದ್ದರೆ ಕೊನೆಗೆ ಭಾಗಿಸಿಕೊಳ್ಳಲಿ. ವೈದ್ಯರು ಹೇಳದಿದ್ದರೆ ಪ್ರತಿ ತಿಂಗಳು ಮಾಡಿಸಬೇಕಿಲ್ಲ. ಈಗ ಅವನಿಗೆ ನಾಲ್ಕು ತಿಂಗಳಿಗೊಮ್ಮೆ ಬರೆದುಕೊಟ್ಟಿದ್ದಾರೆ.

ಕಳೆದ ಸಲ ಬಂದಾಗ ನೋಟ್‌ಬುಕ್ಕಿನಲ್ಲಿ ನಾನು ಹೇಳಿಕೊಡದ ಒಂದು ಸಾಲು ಸೇರಿತ್ತು. "ಬೀಡಿ: ನಿನ್ನೆ 2." ಮೊದಲು ದಿನಕ್ಕೊಂದು ಕಟ್ಟು ಮುಗಿಸುತ್ತಿದ್ದವನು. ನಾನು ಓದಿದ್ದನ್ನು ನೋಡಿ, "ಎರಡನೆಯದು ಅರ್ಧ ಮಾತ್ರ" ಎಂದ. ತೋಳು ಚಾಚು ಎಂದೆ.